ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದವರು

ಹೊಸ ಸೈಲೆನ್ಸರು ಮೊದಲ ಸಲ ಕಾಯ್ದಾಗ ಒಂದು ವಾಸನೆ ಬರುತ್ತದೆ. ಮೇಲೆ ಬಳಿದ ಕಪ್ಪು ಬಣ್ಣ, ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆ, ಕೂಡಿಸಿದವನ ಕೈಯ ಜಿಡ್ಡು, ಎಲ್ಲ ಒಟ್ಟಿಗೆ ಸುಡುವ ವಾಸನೆ. ಅರ್ಧ ತಾಸು ಗಾಡಿ ಓಡಿಸಿದರೆ ಹೋಗಿಬಿಡುತ್ತದೆ. ಹೋದ ವಾರ ಕಾತ್ರಜ ರಸ್ತೆಯ ಗ್ಯಾರೇಜಿನ ಮುಂದೆ ನನ್ನ ಹಳೆಯ ಸಣ್ಣ ಕಾರಿನ ಹಿಂದೆ ನಿಂತಿದ್ದೆ. ಆ ವಾಸನೆ ಮೂಗಿಗೆ ಬಡಿಯಿತು. ಬೇಡವೆಂದರೂ ಒಬ್ಬ ಮನುಷ್ಯ ನೆನಪಾದರು. ನನ್ನ ಹೆಂಡತಿಯ ತಂದೆ, ನನ್ನ ಮಾವ. ತೀರಿಕೊಂಡು ಮೂರು ವರ್ಷವಾಯಿತು.

ಮೊದಲೇ ಹೇಳಿಬಿಡುತ್ತೇನೆ, ಅವರು ನನಗೆ ಸೇರುತ್ತಿರಲಿಲ್ಲ. ಈಗಲೂ ಸೇರುವುದಿಲ್ಲ. ತೀರಿಹೋದವರ ಬಗ್ಗೆ ಬರೆಯಲು ಕೂತ ಕೂಡಲೇ ಅವರ ಸುತ್ತ ಊದುಬತ್ತಿ ಹಚ್ಚುವವರ ಪೈಕಿ ನಾನಲ್ಲ. ಹಳೆಯ ಸೈಲೆನ್ಸರು ಬಿಚ್ಚಿಸಿ ಸದ್ದಿಲ್ಲದ ಸಾದಾ ಸೈಲೆನ್ಸರು ಹಾಕಿಸಿದ್ದು ಪಶ್ಚಾತ್ತಾಪದಿಂದ ಎಂದು ಕೂಡ ಯಾರೂ ತಿಳಿಯಬೇಡಿ. ಹಳೆಯದು ಬೆಸುಗೆ ಬಿಟ್ಟು ತೂತು ಬಿದ್ದಿತ್ತು, ಅಷ್ಟೇ. ಆದರೆ ಆ ಹಳೆಯದನ್ನು ನಾನು ಆರಿಸಿದ ರೀತಿ... ಅದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಮಾವನವರ ಮನೆ ಖಡಕಿಯಲ್ಲಿತ್ತು, ಎರಡು ಖೋಲಿಯದು. ಬೆಳಗಾವಿ ಕಡೆಯವರು. ಹರೆಯದಲ್ಲಿ ತಮ್ಮನನ್ನು ಕಟ್ಟಿಕೊಂಡು ಪುಣೆಗೆ ಬಂದು, ಅಲ್ಲಿಯ ಸರಕಾರಿ ಕಾರ್ಖಾನೆಯ ಆಫೀಸಿನಲ್ಲಿ ಕಾರಕೂನರಾಗಿ ಸೇರಿ, ಅಲ್ಲೇ ನಿವೃತ್ತರಾದವರು. ಸಾಹೇಬರಾಗಿರಲಿಲ್ಲ, ಆದರೆ ಗತ್ತು ಮಾತ್ರ ಸಾಹೇಬರದ್ದೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕುತ್ತಿಗೆಗೆ ಪೌಡರು. ಅತ್ತೆ ನಮ್ಮ ಮದುವೆಗೆ ಮೊದಲೇ ಹೋಗಿದ್ದರು. ಒಬ್ಬಳೇ ಮಗಳು. ಆ ಮಗಳನ್ನು ಧಾರವಾಡದಿಂದ ಬಂದು ಧನಕವಡಿಯ ಬಾಡಿಗೆ ಫ್ಲ್ಯಾಟಿನಲ್ಲಿದ್ದ, ಔಷಧಿ ಏಜೆನ್ಸಿಯ ಆಫೀಸಿನಲ್ಲಿ ದುಡಿಯುವ ನನಗೆ ಕೊಟ್ಟಿದ್ದರು. ಕೊಟ್ಟು ತಪ್ಪು ಮಾಡಿದೆ ಎಂದು ಅವರು ಎಂದೂ ಅಂದಿರಲಿಲ್ಲ. ಅನ್ನದೆಯೇ ನನಗೆ ಹಾಗೆ ಅನ್ನಿಸುವಂತೆ ಇರುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರ ಎಡಗಿವಿ ಚಿಕ್ಕಂದಿನ ಜ್ವರದಲ್ಲೇ ಹೋಗಿತ್ತು. ಕೆಲಸಕ್ಕೆ ಬರುತ್ತಿದ್ದುದು ಬಲಗಿವಿಯೊಂದೇ, ಅದೂ ವಯಸ್ಸಾದ ಹಾಗೆ ಮಂದವಾಗುತ್ತ ಬಂದಿತ್ತು. ಕಿವಿಗೆ ಮಷೀನು ಹಾಕಿಕೊಳ್ಳಿರೆಂದು ಮಗಳು ಹೇಳಿ ಹೇಳಿ ಸೋತಿದ್ದಳು. ಯಾರಾದರೂ ಹೇಳಿದ್ದು ಕೇಳಿಸದಿದ್ದರೆ, ಕೇಳಿಸಲಿಲ್ಲ ಇನ್ನೊಮ್ಮೆ ಹೇಳಿ ಎನ್ನುವ ಮನುಷ್ಯರಲ್ಲ ಅವರು. ಗಂಭೀರವಾಗಿ ತಲೆಯಾಡಿಸಿ 'ಹೂಂ' ಅನ್ನುತ್ತಿದ್ದರು. ಹೊಸಬರು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಿದ್ದರು. ನನಗೆ ಅದೂ ಅವರ ಸೊಕ್ಕಿನ ಒಂದು ಬಗೆಯಾಗಿ ಕಾಣುತ್ತಿತ್ತು.

ಜೊತೆಗೆ ಬಂದಿದ್ದ ಆ ತಮ್ಮ, ಅಂದರೆ ನನ್ನ ಹೆಂಡತಿಯ ಕಾಕಾ, ಮುಂದೆ ಶಿರೂರಿಗೆ ಹೋಗಿ ಕಾಳುಕಡಿಯ ಅಂಗಡಿ ಹಾಕಿಕೊಂಡಿದ್ದರು. ಲಕವಾ ಹೊಡೆದು ಹಾಸಿಗೆ ಹಿಡಿದ ಮೇಲೆ ಅಂಗಡಿ ಮುಚ್ಚಿತು. ಮೈಯ ಒಂದು ಕಡೆ ಬಿದ್ದುಹೋಗಿತ್ತು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಬಾಯಿಯ ಹತ್ತಿರ ಕಿವಿ ಇಟ್ಟರೇನೇ ಕೇಳಿಸುತ್ತಿತ್ತು. ಪ್ರತಿ ರವಿವಾರ ಮಾವನವರು ಶಿರೂರಿಗೆ ಹೋಗಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಬಲಗಿವಿಯನ್ನು ತಮ್ಮನ ಬಾಯಿಗೆ ಹಚ್ಚಿ, ಒಂದು ತಾಸು ಮಾತಾಡಿಸಿ ಬರುತ್ತಿದ್ದರು. ಏನು ಮಾತಾಡುತ್ತಿದ್ದರೋ... ನಡುನಡುವೆ ಇಬ್ಬರೂ ನಗುತ್ತಿದ್ದರು. ಮಾವನವರು ನಗುವುದನ್ನು ನಾನು ಬೇರೆಲ್ಲೂ ನೋಡಿದ್ದಿಲ್ಲ. ವಾರವೆಲ್ಲ ಅವರು ಬದುಕುತ್ತಿದ್ದುದೇ ಆ ಒಂದು ತಾಸಿಗಾಗಿ ಎಂದರೆ ಸುಳ್ಳಲ್ಲ.

ಅವರನ್ನು ಕರೆದುಕೊಂಡು ಹೋಗುವ ಕೆಲಸ ನನ್ನದು. ಹೆಂಡತಿ ಶಾಲೆಯ ಟೀಚರು, ರವಿವಾರ ಬೆಳಿಗ್ಗೆ ಮನೆಯಲ್ಲಿ ಮಕ್ಕಳಿಗೆ ಪಾಠ ಇಟ್ಟುಕೊಂಡಿದ್ದಳು. ಹಾಗಾಗಿ ಧನಕವಡಿಯಿಂದ ಖಡಕಿಗೆ ಹೋಗಿ, ಅವರನ್ನು ಹತ್ತಿಸಿಕೊಂಡು, ನಗರ ರಸ್ತೆ ಎಂಬ ಹೆದ್ದಾರಿ ಹಿಡಿದು ಶಿರೂರು ಮುಟ್ಟುವವರೆಗೆ ಗಾಡಿಯಲ್ಲಿ ನಾವಿಬ್ಬರೇ. ಅದರಲ್ಲಿ ನನಗೇನೂ ತಕರಾರಿರಲಿಲ್ಲ. ತಕರಾರಿದ್ದುದು ಅವರು ಕೂಡುತ್ತಿದ್ದ ಜಾಗದ ಬಗ್ಗೆ. ಮುಂದಿನ ಸೀಟು ಖಾಲಿ ಇದ್ದರೂ ಅವರು ಹಿಂದಿನ ಬಾಗಿಲು ತೆರೆದು, ಎಡಗಡೆಯ ಮೂಲೆಯಲ್ಲಿ, ಪೇಪರು ಬಿಡಿಸಿಕೊಂಡು ಕೂಡುತ್ತಿದ್ದರು. ನಾನು ಮುಂದೆ, ಒಬ್ಬನೇ, ಸ್ಟಿಯರಿಂಗ್ ಹಿಡಿದುಕೊಂಡು. ತಿರುವು ಬಂದರೆ ನನ್ನ ಸೀಟಿನ ಬೆನ್ನಿಗೆ ಎರಡು ಬೆರಳಿನಿಂದ ತಟ್ಟುತ್ತಿದ್ದರು. ದಾರಿ ನನಗೆ ಗೊತ್ತಿಲ್ಲವೇನೋ ಎಂಬಂತೆ.

ಒಂದು ಸಲ ಖಡಕಿಯಲ್ಲೇ ಯಾರದೋ ಲಗ್ನಕ್ಕೆ ನಾವಿಬ್ಬರೇ ಹೋಗಿದ್ದೆವು. ಗೇಟಿನಲ್ಲಿ ಗಾಡಿ ನಿಲ್ಲಿಸುವವನು ಎಡಗಡೆಯ ಕಿಟಕಿಗೆ ಬಗ್ಗಿ, ಡ್ರೈವರ್ ಮಂದಿಯ ಊಟ ಹಿತ್ತಲಲ್ಲಿ ಇದೆ ಎಂದು ನನಗೆ ಕೈತೋರಿಸಿ ಹೇಳಿದ. ಮಾವನವರು ಇವನು ನನ್ನ ಅಳಿಯ ಎಂದು ಒಂದು ಮಾತು ಹೇಳಬೇಕಿತ್ತು. ತಲೆಯಾಡಿಸಿ ಇಳಿದು ಒಳಗೆ ಹೋದರು. ಆ ಮನುಷ್ಯ ನಿಂತದ್ದು ಅವರ ಕೇಳಿಸದ ಕಿವಿಯ ಕಡೆ ಎಂದು ಈಗ ಹೊಳೆಯುತ್ತದೆ. ಅವತ್ತು ಹೊಳೆದಿದ್ದರೂ ನಾನು ಕ್ಷಮಿಸುತ್ತಿದ್ದೆನೆಂದು ಹೇಳಲಾರೆ. ಅವತ್ತು ಊಟ ಮಾಡದೆ ಗಾಡಿಯಲ್ಲೇ ಕೂತೆ.

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ನಿಮ್ಮಪ್ಪ ನನ್ನನ್ನು ಸಂಬಳದವನು ಅಂದುಕೊಂಡಿದ್ದಾನೇನು ಎಂದೆ. ಅವಳು ಸಮಾಧಾನದಿಂದ ಕಾರಣ ಹೇಳಿದಳು. ಮಗಳ ಮನೆಯಲ್ಲಿ ಅಪ್ಪನಾದವನು ಯಜಮಾನಿಕೆ ಮಾಡಬಾರದು, ಅಳಿಯನ ಹತ್ತಿರ ಬಾಯಿಬಿಟ್ಟು ಏನನ್ನೂ ಕೇಳಬಾರದು ಎಂಬುದು ಅವರ ಕಟ್ಟುನಿಟ್ಟು. ನಮಗೆ ಮಗ ಹುಟ್ಟುವವರೆಗೆ ನಮ್ಮ ಮನೆಯಲ್ಲಿ ಅವರು ನೀರನ್ನೂ ಕುಡಿದಿರಲಿಲ್ಲ. ಅದು ನನಗೂ ಗೊತ್ತಿತ್ತು. ಗಂಡನ ಪಕ್ಕದ ಸೀಟು ಹೆಂಡತಿಯದ್ದು, ಮಗಳು ಗಾಡಿಯಲ್ಲಿ ಇಲ್ಲದಿದ್ದರೂ ಅದರಲ್ಲಿ ತಾನು ಕೂಡಬಾರದು ಎಂದು ಅವರು ಹಿಂದೆ ಕೂಡುತ್ತಾರಂತೆ. ನನಗೆ ನಂಬಿಕೆ ಬರಲಿಲ್ಲ. ಗತ್ತಿಗೆ ಒಂದು ಒಳ್ಳೆಯ ಹೆಸರು ಕೊಟ್ಟಿದ್ದಾರೆ ಅಷ್ಟೇ ಅನ್ನಿಸಿತು.

ಇಂಥದರಲ್ಲಿ ಒಂದು ನವರಾತ್ರಿಯ ಹೊತ್ತಿಗೆ ಗಾಡಿಯ ಕಂಪನಿ ಸೈಲೆನ್ಸರು ತುಕ್ಕು ತಿಂದು ನೇತಾಡತೊಡಗಿತು. ಕಾತ್ರಜ ರಸ್ತೆಯಲ್ಲಿ ಸೈಲೆನ್ಸರಿನ ಕೆಲಸವನ್ನೇ ಮಾಡುವ ಒಬ್ಬ ಮರಾಠಿ ಮಿಸ್ತ್ರಿ ಇದ್ದ. ಸಂಬಂಧಿಕರ ಫೋಟೋಗಳ ಹಾಗೆ ಗೋಡೆಯ ತುಂಬ ಸೈಲೆನ್ಸರು ತೂಗುಹಾಕಿದ್ದ. ನನ್ನ ಗಾಡಿಗೆ ಮೂರು ತರದವು ಬರುತ್ತವೆ ಎಂದ. ಒಂದು ಕಂಪನಿಯದೇ. ಇನ್ನೊಂದು ಅದರ ನಕಲು, ತಗಡು ತುಸು ತೆಳುವು, ಆದರೆ ಸದ್ದು ಅದರಷ್ಟೇ ಕಡಿಮೆ. ಮೂರನೆಯದು ಫಳಫಳ ಹೊಳೆಯುವ ಸ್ಟೀಲಿನದು, ಅಗಲ ಬಾಯಿಯದು. ಒಳಗೆ ಸದ್ದು ನುಂಗಲು ತುಂಬಿಸುವ ನಾರು ಕಡಿಮೆ, ಹೊಗೆ ಸಲೀಸಾಗಿ ಹೋಗುತ್ತದೆ, ಗಾಡಿ ಹಗುರಾಗಿ ಓಡುತ್ತದೆ. ಹರೆಯದ ಹುಡುಗರು ಅದಕ್ಕೇ ಬೀಳುತ್ತಾರೆ. ನನಗೆ ಆಗ ನಲವತ್ತೈದು ದಾಟಿತ್ತು. ಹುಡುಗಾಟಿಕೆಯ ವಯಸ್ಸೇನೂ ಆಗಿರಲಿಲ್ಲ.

ಆ ಮಿಸ್ತ್ರಿಯದೊಂದು ರೂಢಿಯಿತ್ತು. ಆ ಮೂರನೆಯ ಜಾತಿಯದನ್ನು ಅವನು ಸುಮ್ಮನೆ ಹಚ್ಚಿ ಕೊಡುತ್ತಿರಲಿಲ್ಲ. ಮೊದಲು ಗಿರಾಕಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಗಾಜು ಏರಿಸಿ, ಬೈಪಾಸಿನಲ್ಲಿ ಒಂದು ಸುತ್ತು ಹೊಡೆಸುತ್ತಿದ್ದ. ಈ ಸೈಲೆನ್ಸರಿನ ಸದ್ದು ಹೊರಗೆ ಪೊಲೀಸರು ಹಿಡಿಯುವಷ್ಟೇನೂ ಇಲ್ಲ, ಮುಂದೆ ಕೂತವನಿಗೆ ಹುರುಪೇ ಬರುತ್ತದೆ, ಆದರೆ ಗಾಡಿ ಅರವತ್ತರಿಂದ ಎಂಬತ್ತರ ನಡುವೆ ಓಡುವಾಗ ಸದ್ದೆಲ್ಲ ಹಿಂದಿನ ಸೀಟಿನ ಕೆಳಗೆ ಬಂದು ಕೂಡುತ್ತದೆ ಎಂದು ತಿಳಿಸಿ ಹೇಳಿದ. ಹುಡುಗರು ಹಚ್ಚಿಸಿಕೊಂಡು ಹೋಗುತ್ತಾರೆ, ಮರುದಿನ ಅವರ ತಾಯಂದಿರು ಬಂದು ತನ್ನನ್ನು ಬೈಯುತ್ತಾರೆ, ಅದಕ್ಕೇ ಈ ರೂಢಿ ಎಂದ. ನನ್ನ ಗಾಡಿಯಂಥದೇ ಇನ್ನೊಂದು ಗಾಡಿಗೆ ಅದನ್ನು ಹಚ್ಚಿ ಅಲ್ಲೇ ನಿಲ್ಲಿಸಿದ್ದ. ನನ್ನನ್ನು ಅದರ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ.

ನಾನು ಕೂತದ್ದು ಎಡಗಡೆಯ ಮೂಲೆಯಲ್ಲಿ. ಬೇಕೆಂದೇ ಅಲ್ಲಿ ಕೂತೆ. ಗಾಡಿ ಎಪ್ಪತ್ತಕ್ಕೆ ಬರುತ್ತಲೇ ಸೀಟಿನ ಅಡಿಯಿಂದ ಗುಂಯ್ ಎಂಬ ಸದ್ದು ಎದ್ದಿತು. ಜೋರೇನೂ ಅಲ್ಲ. ಆದರೆ ಎಡೆಬಿಡದೆ, ಒಂದೇ ಸಮನೆ, ಹಲ್ಲಿನ ಬೇರಿಗೆ, ಎದೆಗೂಡಿಗೆ, ಕಿವಿಯ ಒಳಗಿನ ಒಳಗೆ. ಹತ್ತು ನಿಮಿಷದಲ್ಲಿ ತಲೆ ತಿರುಗಿದಂತಾಯಿತು. ಇಳಿದ ಮೇಲೂ ಮಿಸ್ತ್ರಿ ಮಾತಾಡಿದ್ದು ಗೋಡೆಯಾಚೆಯಿಂದ ಬಂದಂತೆ ಕೇಳಿಸುತ್ತಿತ್ತು. ಎರಡು ಕಿವಿಯೂ ಗಟ್ಟಿ ಇದ್ದ ನನಗೇ ಹೀಗೆ.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, "ಮಾಗೆ ಕೋಣ ಬಸ್ತ?" ಎಂದ. ನಿನ್ನ ಗಾಡಿಯಲ್ಲಿ ಹಿಂದೆ ಯಾರು ಕೂಡುತ್ತಾರೆ ಎಂದು ಕೇಳಿದ್ದು.

ಯಾರೂ ಇಲ್ಲ ಎಂದೆ. ಅದನ್ನೇ ಹಚ್ಚು ಎಂದೆ.

ಅದು ಅರೆಕ್ಷಣದ ಸಿಟ್ಟಲ್ಲ. ಅವನು ಹಳೆಯದನ್ನು ಬಿಚ್ಚಿ ಹೊಸದನ್ನು ಕೂಡಿಸಲು ಪೂರಾ ಒಂದು ತಾಸು ತೆಗೆದುಕೊಂಡ. ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಬೇಡ ಎನ್ನಲು ಬೇಕಾದಷ್ಟು ಹೊತ್ತಿತ್ತು. ಮುಂದಿನ ರವಿವಾರ ಆ ಬಿಳಿ ಅಂಗಿಯವರ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡು ಖುಷಿಪಡುತ್ತಿದ್ದೆ. ಒಂದೋ ಮುಂದೆ ಬಂದು ಕೂಡುತ್ತಾರೆ, ಇಲ್ಲವೇ ಬಾಯಿಬಿಟ್ಟು ಕೇಳುತ್ತಾರೆ. ಎರಡರಲ್ಲಿ ಯಾವುದಾದರೂ ನನಗೆ ನಡೆಯುತ್ತಿತ್ತು.

ಎರಡೂ ಆಗಲಿಲ್ಲ. ರವಿವಾರ ಬಂತು, ಖಡಕಿಯಲ್ಲಿ ಹಿಂದಿನ ಬಾಗಿಲು ತೆರೆದು ಕೂತರು, ಪೇಪರು ಬಿಡಿಸಿದರು. ವಾಘೋಲಿ ದಾಟಿ ರಸ್ತೆ ತೆರವಾದ ಮೇಲೆ ನಾನು ಗಾಡಿಯನ್ನು ಎಪ್ಪತ್ತಕ್ಕೆ ತಂದು ಅಲ್ಲೇ ಹಿಡಿದೆ. ಕನ್ನಡಿಯಲ್ಲಿ ನೋಡಿದೆ. ಪೇಪರು ಕೆಳಗಿಳಿಯಿತು. ಬಲಗಿವಿಗೆ ಅಂಗೈ ಒತ್ತಿದರು, ಮತ್ತೆ ತೆಗೆದರು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೇನೆಂದು ತಿಳಿದು ತೆಗೆದರೋ ಏನೋ... ಆಮೇಲೆ ಶಿರೂರು ಬರುವವರೆಗೆ ಕೈಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಗಾಡಿಯ ಆವಾಜು ಬೇರೆಯಾಗಿದೆ ಎಂದು ಮನೆಗೆ ಮರಳುವಾಗ ಒಮ್ಮೆ ಅಂದರು. ಹೊಸದು ಹಚ್ಚಿಸಿದ್ದೇನೆ, ಚಲೋ ಅದ ಅಲ್ಲೇನ್ರಿ ಎಂದು ಹಿಂದಕ್ಕೆ ತಿರುಗಿ ಕೂಗಿ ಕೇಳಿದೆ. ಹೂಂ ಅಂದರು.

ಅವರಿಗೆ ಏನಾಗುತ್ತಿದೆ ಎಂದು ನನಗೆ ತಿಳಿದದ್ದು ಎರಡನೆಯ ರವಿವಾರ. ಶಿಕ್ರಾಪುರದ ಹತ್ತಿರ ಚಹಾಕ್ಕೆ ನಿಲ್ಲಿಸಿದ್ದೆ. ಅವರಿಗೆ ಸಕ್ಕರೆ ಕಾಯಿಲೆ. ಆದರೂ ಮಾತಿಗೆ, ಸಕ್ಕರೆ ಹಾಕಿಸಲೇ ಎಂದು ಬಲಗಡೆಯಲ್ಲೇ ನಿಂತು ಕೇಳಿದೆ. ಹೂಂ ಎಂದು ತಲೆಯಾಡಿಸಿದರು. ನನಗೆ ಅರ್ಥವಾಯಿತು. ಆ ಸದ್ದು ಅವರ ಇದ್ದೊಂದು ಕಿವಿಯನ್ನೂ ಮುಚ್ಚಿಬಿಟ್ಟಿತ್ತು. ಸಕ್ಕರೆ ಚಹಾವನ್ನೇ ತಂದುಕೊಟ್ಟೆ. ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

ಮುಂದಿನ ವಾರ ಅದೇ ಜಾಗದಲ್ಲಿ, ಮುಖದ ಮೇಲೆ ವಿನಯ ಇಟ್ಟುಕೊಂಡು, "ಭೀಮಾ ನದಿ ದಾಟಿ ಬಂದೇವ್ರಿ. ಹೊಳ್ಳಿ ಹೋಗೂ ಮುಂದ ನಿಮ್ಮನ್ನ ಅದರಾಗ ದೂಡಿ ಹೋಗಲೇನ್ರಿ?" ಎಂದು ಕೇಳಿದೆ. ಮಾವನವರು ಗಂಭೀರವಾಗಿ ತಲೆಯಾಡಿಸಿ ಹೂಂ ಅಂದರು. ಚಹಾದವನು ಕನ್ನಡ ಬರದಿದ್ದರೂ ನನ್ನ ನಗು ನೋಡಿ ತಾನೂ ನಕ್ಕ. ಆ ನಗುವಿನ ನೆನಪಾದರೆ ಈಗ ನನಗೆ ನನ್ನ ಮುಖವೇ ಬೇಡವಾಗುತ್ತದೆ. ಅವತ್ತು ಮಾತ್ರ ಭಾಳ ಹಗುರೆನಿಸಿತ್ತು.

ಶಿರೂರಿನಲ್ಲಿ ನಾನು ಒಳಗೆ ಕೂಡುತ್ತಿರಲಿಲ್ಲ. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂತಿರುತ್ತಿದ್ದೆ. ಕಿಟಕಿಯಿಂದ ಮಂಚ ಕಾಣಿಸುತ್ತಿತ್ತು. ಮಾವನವರು ಎಂದಿನಂತೆ ಬಗ್ಗಿ ಬಲಗಿವಿಯನ್ನು ತಮ್ಮನ ಬಾಯಿಗೆ ಹಚ್ಚುತ್ತಿದ್ದರು. ಕಾಕಾನ ತುಟಿ ಆಡುತ್ತಿತ್ತು. ಇವರು ಹೂಂ ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಹೂಂ. ನಗು ನಿಂತುಹೋಗಿತ್ತು. ಅವರಿಗೆ ಒಂದಕ್ಷರವೂ ಕೇಳಿಸುತ್ತಿಲ್ಲ ಎಂದು, ಅವರನ್ನು ಬಿಟ್ಟರೆ, ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಇಷ್ಟು ದಿನ ಆ ಕಿವಿ ತಮ್ಮನ ಪಿಸುಮಾತು ಹಿಡಿಯುತ್ತಿದ್ದುದನ್ನು ನೋಡಿದ ಬೇರೆ ಯಾರಿಗೂ ಅನುಮಾನ ಬಂದಿರಲಿಲ್ಲ. ಕಿವಿ ತಿಳಿಯಾಗಲು ಅವರಿಗೆ ಮೂರು ನಾಲ್ಕು ತಾಸು ಬೇಕಾಗುತ್ತಿತ್ತು, ಅಷ್ಟರಲ್ಲಿ ನಾನು ಹೊರಡೋಣ ಎನ್ನುತ್ತಿದ್ದೆ. ಹೊಸ್ತಿಲ ಹತ್ತಿರ ಒಂದು ಬಟ್ಟೆಯ ಚೀಲ, ಮಡಚಿದ ಚಾದರ, ಔಷಧಿಯ ಡಬ್ಬಿ ಇಟ್ಟಿರುವುದನ್ನು ಎರಡು ಮೂರು ವಾರ ನೋಡಿದೆ. ದವಾಖಾನೆಗೆ ಹೋಗಿಬಂದ ಸಾಮಾನು ಇರಬೇಕು ಅಂದುಕೊಂಡೆ.

ಕಾಕು, ಅಂದರೆ ಕಾಕಾನ ಹೆಂಡತಿ, ಬಾಗಿಲ ಮರೆಯಲ್ಲಿ ನಿಂತಿರುತ್ತಿದ್ದರು. ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ಅವರ ಕಡೆ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ಮಾವನವರೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಚಹಾದ ಬಟ್ಟಲು ಮೇಜಿನ ಮೇಲಿಟ್ಟು ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದರು. ನಾನು ಆ ಮನೆತನದ ಅಳಿಯ, ಹೊರಗಿನವನು. ನನ್ನ ಹತ್ತಿರವೂ ಅವರು ಮನೆಯ ಮಾತು ಎತ್ತುವವರಲ್ಲ.

ಹೀಗೆ ನವರಾತ್ರಿಯಿಂದ ಯುಗಾದಿಯವರೆಗೆ ನಡೆಯಿತು. ಒಂದು ವಾರವೂ ಮಾವನವರು ಮುಂದಿನ ಸೀಟಿಗೆ ಬರಲಿಲ್ಲ, ಒಂದು ವಾರವೂ ಬಾಯಿಬಿಡಲಿಲ್ಲ. ನನ್ನ ಸಿಟ್ಟು ಇಳಿಯುವುದರ ಬದಲು ಏರಿತು. ಒಂದು ಮಾತು ಕೇಳಿದ್ದರೆ ನಾನು ಅವತ್ತೇ ಸೈಲೆನ್ಸರು ಬದಲಿಸುತ್ತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಒಂದೆರಡು ವಾರ ಕಾಯಿಸಿ, ಸತಾಯಿಸಿ ಬದಲಿಸುತ್ತಿದ್ದೆ.

ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ಶಿರೂರಿನಿಂದ ಫೋನು ಬಂತು. ಕಾಕಾ ಹೋಗಿಬಿಟ್ಟಿದ್ದರು. ಹೆಂಡತಿ ಮುಂದೆ ಕೂತಳು, ಮಾವನವರು ಹಿಂದೆ. ಮಣ್ಣಿಗೆ ತಡವಾಗಬಾರದೆಂದು ಎಲ್ಲಿಯೂ ನಿಲ್ಲಿಸದೆ ಓಡಿಸಿದೆ. ಗಾಡಿ ಗುಂಯ್ ಅಂತದಲ್ಲ ಎಂದು ಹೆಂಡತಿ ಒಮ್ಮೆ ಅಂದಳು. ಹೊಸದರಲ್ಲಿ ಹಾಗೆಯೇ, ಆಮೇಲೆ ಸರಿಹೋಗುತ್ತದೆ ಎಂದೆ. ಅದಕ್ಕೆ ಆಗಲೇ ಆರು ತಿಂಗಳು ತುಂಬಿತ್ತು.

ಮನೆಯ ತುಂಬ ಮಂದಿ. ಕಾಕಾನನ್ನು ಗೋಡೆಗೆ ಆನಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಮಾವನವರು ಒಳಗೆ ಹೋಗಿ ಹತ್ತಿರ ನಿಂತರು. ಆಗ ಅಡಿಗೆಮನೆಯ ಬಾಗಿಲಿನಿಂದ ಕಾಕು ಹೊರಗೆ ಬಂದರು. ಸೆರಗು ತಲೆಯಿಂದ ಜಾರಿತ್ತು, ಅದರ ಖಬರಿರಲಿಲ್ಲ. ಗಂಡನ ಅಣ್ಣನ ಎದುರಿಗೇ ಬಂದು ನಿಂತು, ಜೀವನದಲ್ಲಿ ಮೊದಲ ಸಲ ಅವರೊಡನೆ ಮಾತಾಡಿದರು.

"ವಾರಾ ವಾರಾ ಕೇಳಿದ್ರು ನಿಮಗ. ನಿನ್ನ ಖಡಕಿ ಮನ್ಯಾಗ ಎರಡ ದಿನ ಇದ್ದ ಬರತೀನಿ, ಒಮ್ಮೆ ಕರಕೊಂಡ ಹೋಗಣ್ಣಾ ಅಂತ. ವಾರಾ ವಾರಾ ನೀವು ಹೂಂ ಅಂದ್ರಿ. ನಾ ಚೀಲಾ ಕಟ್ಟಿ ಬಾಗಲದಾಗ ಇಡತಿದ್ದೆ. ಬಿಟ್ಟ ಹೋಗತಿದ್ರಿ. ಒಯ್ಯೂ ಮನಸಿರಲಿಲ್ಲಂದ್ರ ಹೂಂ ಯಾಕ ಅಂದ್ರಿ?"

 ಮಾವನವರು ಅವರ ಮುಖವನ್ನು, ಅಲುಗಿ ನಿಂತ ತುಟಿಯನ್ನು ನೋಡಿದರು. ದುಃಖದ ಮಾತೇನೋ ಹೇಳುತ್ತಿದ್ದಾಳೆ ಅಂದುಕೊಂಡಿರಬೇಕು. ಗಂಭೀರವಾಗಿ ತಲೆಯಾಡಿಸಿದರು.

"ಹೂಂ," ಅಂದರು.

ಕಾಕು ಹಿಂದಕ್ಕೆ ಸರಿದರು. ಮೂಲೆಯಲ್ಲಿದ್ದ ಹಿರಿಯರೊಬ್ಬರು ಮುಖ ತಿರುಗಿಸಿದರು. ನನ್ನ ಹೆಂಡತಿ ಗೋಡೆ ಹಿಡಿದು ನಿಂತುಬಿಟ್ಟಳು. ಅವರಿಗೆ ಕೇಳಿಸಿಲ್ಲ ಎಂಬ ಒಂದು ಮಾತು ನಾನು ಹೇಳಬಹುದಿತ್ತು. ಅದನ್ನು ಹೇಳಿದರೆ ಯಾಕೆ ಕೇಳಿಸಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ನಾನು ಹೊರಗೆ ಹೋಗಿ ಚಪ್ಪಲಿಗಳ ನಡುವೆ ನಿಂತುಕೊಂಡೆ.

ಸಂಜೆ ಖಡಕಿಗೆ ಬಂದು ಸ್ನಾನ ಮಾಡಿ, ರಾತ್ರಿ ಬಹಳ ಹೊತ್ತಾದ ಮೇಲೆ ಹೆಂಡತಿ ಅಪ್ಪನ ಬಲಗಡೆ ಕೂತು, ಕಾಕು ಅಂದದ್ದನ್ನು ಒಂದೊಂದೇ ಮಾತಾಗಿ ಹೇಳಿದಳು. ಆ ಹೊತ್ತಿಗೆ ಅವರ ಕಿವಿ ತಿಳಿಯಾಗಿತ್ತು. ಅವರು ಕೇಳುತ್ತ ಹೋದ ಹಾಗೆ ಮುಖದಲ್ಲಿ ಏನಾಯಿತೆಂದು ಬರೆಯಲು ನನಗೆ ಆಗುವುದಿಲ್ಲ... ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದರು. ಅವರಿಗೆ ಗೊತ್ತಿತ್ತು. ಮೊದಲ ರವಿವಾರದಿಂದಲೇ ಗೊತ್ತಿತ್ತು ಎಂದು ಆ ನೋಟದಲ್ಲಿ ನನಗೆ ತಿಳಿಯಿತು. ಈಗ ಬೈಯುತ್ತಾರೆ, ಮಗಳ ಎದುರಿಗೇ ನನ್ನ ಮಾನ ಕಳೆಯುತ್ತಾರೆ ಎಂದು ಸಿದ್ಧನಾಗಿ ಕೂತೆ. ಬೈಯಲಿ ಎಂದೇ ಕಾದೆ ಎಂದರೂ ನಡೆದೀತು.

"ಮರತೆವ್ವಾ. ಹೂಂ ಅಂತಿದ್ದೆ, ಹೊರಗ ಬರೂದ್ರಾಗ ಮರತ ಬಿಡತಿದ್ದೆ," ಎಂದರು.

ಅಷ್ಟೇ. ಮಗಳ ಸಂಸಾರದಲ್ಲಿ ತನ್ನಿಂದ ಒಂದು ಮಾತು ಬರಬಾರದೆಂದು, ಒಡಹುಟ್ಟಿದವನನ್ನು ಮರೆತ ಅಣ್ಣ ಎಂಬ ಹೆಸರನ್ನು ತಾವೇ ಹೊತ್ತುಕೊಂಡರು. ಆ ಹೆಸರು ಶಿರೂರಿಗೆ ಮುಟ್ಟಿತು, ನಮ್ಮವರ ನಾಲ್ಕು ಮನೆಗಳಿಗೂ ಮುಟ್ಟಿತು. ಸಭೆ ಸಮಾರಂಭಗಳಲ್ಲಿ ಜನ ಅವರನ್ನು ಮಾತಾಡಿಸುವುದು ಕಡಿಮೆ ಮಾಡಿದರು. ನನ್ನ ಹೆಂಡತಿಯೇ ಕೆಲವು ತಿಂಗಳು ಅಪ್ಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಒಂದೂವರೆ ವರ್ಷ ಇದ್ದರು ಆಮೇಲೆ. ನನ್ನ ಗಾಡಿ ಹತ್ತಲಿಲ್ಲ. ಅವರು ತೀರಿಕೊಂಡಾಗ ಶಿರೂರಿನಿಂದ ಯಾರೂ ಮಣ್ಣಿಗೆ ಬರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಅವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ ಎಂದರೆ ಓದುವವರಿಗೆ ನಾನು ಮನುಷ್ಯನೇ ಅಲ್ಲ ಅನ್ನಿಸಬಹುದು. ಅನ್ನಿಸಲಿ. ಒಂದು ಸಲ ನನ್ನ ಕೊರಳಪಟ್ಟಿ ಹಿಡಿದು, ಯಾಕೋ ಹೀಗೆ ಮಾಡಿದೆ ಎಂದು ಕೇಳಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆನೋ, ತಿರುಗಿ ಬೈಯುತ್ತಿದ್ದೆನೋ, ಏನೋ ಒಂದು ಆಗಿ ಮುಗಿಯುತ್ತಿತ್ತು. ಮುಗಿಯಲು ಬಿಡಲಿಲ್ಲ ಅವರು. ಇಡೀ ಜೀವನ ಬಾಯಿ ಮುಚ್ಚಿಕೊಂಡಿರುವ ಶಿಕ್ಷೆಯನ್ನು ನನಗೆ ಕೊಟ್ಟು ತಾವು ದೊಡ್ಡವರಾಗಿ ಹೋದರು. ಆ ದೊಡ್ಡಸ್ತಿಕೆಯನ್ನು ನಾನು ಇವತ್ತಿಗೂ ತಡೆದುಕೊಳ್ಳಲಾರೆ.

ಹೋದ ವಾರ ಹೊಸ ಸೈಲೆನ್ಸರು ಹಚ್ಚಿಸಿಕೊಂಡ ದಿನವೂ ರವಿವಾರವೇ. ಗ್ಯಾರೇಜಿನಿಂದ ಮನೆಗೆ ಬರಬೇಕಾದವನು ನಗರ ರಸ್ತೆಗೆ ತಿರುಗಿದೆ. ಯಾಕೆ ಎಂದರೆ ನನಗೂ ಸರಿಯಾಗಿ ಗೊತ್ತಿಲ್ಲ. ಮಾವನವರ ಹೆಸರಿಗೆ ಹತ್ತಿದ ಕಳಂಕವನ್ನು ತೆಗೆಯಬಲ್ಲ ಮನುಷ್ಯ ನಾನೊಬ್ಬನೇ ಉಳಿದಿದ್ದೇನೆ, ನಾನೂ ಇನ್ನೆಷ್ಟು ದಿನ ಎಂದು ಅನ್ನಿಸಿದ್ದು ನಿಜ. ಎಪ್ಪತ್ತಕ್ಕೆ ಗಾಡಿ ಬಂದಾಗ ಏನೂ ಸದ್ದಾಗಲಿಲ್ಲ.

ಕಾಕು ಮನೆಯಲ್ಲಿದ್ದರು. ಅಂಗಡಿಯನ್ನು ಯಾರಿಗೋ ಬಾಡಿಗೆಗೆ ಕೊಟ್ಟಿದ್ದಾರೆ. ಕಾಕಾನ ಮಂಚ ಇದ್ದ ಜಾಗದಲ್ಲಿ ಹೊಲಿಗೆ ಮಷೀನು ಇದೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಎದುರಿಗೆ ಕೂತರು. ನಾನು ಸೈಲೆನ್ಸರಿನಿಂದ ಶುರುಮಾಡಿದೆ. ಮೂರು ತರದವು ಇದ್ದವು ಎಂದೆ, ಹಿಂದಿನ ಸೀಟಿನಲ್ಲಿ ಕೂತು ನೋಡಿ ತಿಳಿದೇ ಆರಿಸಿದೆ ಎಂದೆ, ಸಕ್ಕರೆ ಚಹಾ ಹೇಳಿದೆ, ನದಿಯ ಮಾತನ್ನೂ ಹೇಳಿದೆ.  ಅವರು ಕೈಯಲ್ಲಿದ್ದ ದಾರದ ಉಂಡೆಯನ್ನು ಸುತ್ತುವುದನ್ನು ನಿಲ್ಲಿಸಿದ್ದರು.

ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು. "ಅವತ್ತ ನಾ ಅಂದದ್ದೂ ಕೇಳಿಸಿರಲಿಲ್ಲೇನ್ರಿ ಅವರಿಗೆ?"

ಇಲ್ಲ ಎಂದೆ.

ದಾರದ ಉಂಡೆಯನ್ನು ಮಷೀನಿನ ಮೇಲಿಟ್ಟರು. ನಾನು ಬೈಗುಳಕ್ಕಾಗಿ ಕಾದೆ. ಅವರು ಬೈಯಲಿಲ್ಲ. ಮಾವನವರು ಹೋದ ಸುದ್ದಿ ಬಂದಾಗ ಸೀರೆ ಬದಲಿಸಿ ಹೊರಟು, ಮತ್ತೆ ಆ ಹೂಂ ನೆನಪಾಗಿ, ಬಾಗಿಲು ಹಾಕಿಕೊಂಡು ಒಳಗೆ ಕೂತದ್ದನ್ನು ಹೇಳಿದರು. "ಮಣ್ಣಿಗೆ ಹೋಗಲಿಲ್ಲ ನಾ," ಎಂದರು. "ದೇವರಂಥಾ ಮನಷ್ಯಾನ ಮಣ್ಣಿಗೆ ಹೋಗಲಿಲ್ಲ." ಅವರನ್ನು ಎಲ್ಲಿ ಮಣ್ಣು ಮಾಡಿದ್ದೀರಿ, ಆ ಜಾಗ ಈಗಲೂ ಗುರುತು ಸಿಗುತ್ತದೇನು ಎಂದು ಕೇಳಿದರು. ಸಿಗುತ್ತದೆ, ಖಡಕಿಗೆ ಹತ್ತಿರವೇ ಇದೆ, ಈಗಲೇ ಹೋಗೋಣ, ಗಾಡಿ ಹೊರಗೇ ಇದೆ ಎಂದು ನಾನು ಎದ್ದು ನಿಂತೆ.

ಕಾಕು ಕೂಡ ಎದ್ದರು. ಸೆರಗು ಸರಿಮಾಡಿಕೊಂಡು, ಬಾಗಿಲಿನವರೆಗೆ ಬಂದು, ಹೊರಗೆ ನಿಂತಿದ್ದ ಗಾಡಿಯನ್ನು ನೋಡಿದರು.

"ನಿಮ್ಮ ಗಾಡ್ಯಾಗ ಬ್ಯಾಡ್ರಿ. ಜಾಗಾ ಬರದ ಕೊಡ್ರಿ, ನಾ ಬಸ್ಸಿಗೆ ಹೋಗತೀನಿ."

ಬರೆದು ಕೊಟ್ಟೆ. ಅವರು ಅದನ್ನು ಓದಿ, ಮಡಚಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾವನವರು ಬೈಯದೆ ಹೋದರು, ಇವರೂ ಬೈಯಲಿಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ. ತನ್ನ ಅಪ್ಪ ತಮ್ಮನನ್ನು ಮರೆತವನಲ್ಲ ಎಂದು ಅವಳಿಗೆ ಇದನ್ನು ಓದಿದಾಗ ತಿಳಿಯುತ್ತದೆ. ಅವಳಿಗೆ ಗೊತ್ತಾಯಿತೆಂದು ಹೇಳಲು ಮಾತ್ರ ಮಾವನವರು ಇಲ್ಲ.